ಬಿಲದ ನಾಯಿ, ಏಳನೇ ಮಹಡಿಯ ಮನೆ

ಜ್ಯಾಕ್ ರಸೆಲ್ ಟೆರಿಯರ್ ಮರಿಯನ್ನು ಕಂಡವರು ಮೊದಲು ಅನ್ನುವ ಮಾತು: "ಎಷ್ಟು ಪುಟ್ಟದು! ನಮ್ಮ ಫ್ಲ್ಯಾಟಿಗೆ ಸರಿಹೋಗುತ್ತದೆ." ಡೊಂಬಿವಲಿ, ಮುಲುಂಡಿನ ಇಕ್ಕಟ್ಟಿನಲ್ಲಿ ಬಾಳುವ ನಮಗೆ ಹಾಗನ್ನಿಸುವುದು ಸಹಜ. ಬೆಳೆದ ಮೇಲೂ ಎತ್ತರ ಸುಮಾರು 30 ಸೆಂಟಿಮೀಟರ್, ತೂಕ ಆರೇಳು ಕಿಲೋ. ಆದರೆ ಆ ಅಳತೆ ಮನೆಗಾಗಿ ಬಂದದ್ದಲ್ಲ, ನರಿಯ ಬಿಲಕ್ಕಾಗಿ ಬಂದದ್ದು.

1819ರಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿ ಜಾನ್ ರಸೆಲ್ ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಕೊಂಡ. ಮುಂದೆ ಆತ ಪಾದ್ರಿಯಾದ, ನರಿಬೇಟೆಯನ್ನು ಮಾತ್ರ ಬಿಡಲಿಲ್ಲ. ಈ ತಳಿಯ ಮೂಲ ಆ ನಾಯಿಯೇ. ಬೇಟೆಗಾರರು ಇವುಗಳ ಎದೆಯನ್ನು ಮುಂಗಾಲ ಹಿಂದೆ ಎರಡೂ ಕೈಯಲ್ಲಿ ಬಳಸಿ ನೋಡುತ್ತಾರೆ. ಬೆರಳು ಕೂಡಿದರೆ ನಾಯಿ ಬಿಲದೊಳಗೆ ತೂರಬಲ್ಲದು. ತೂರಿದ ಮೇಲೆ ಬಿಡದೆ ಬೊಗಳಬೇಕು; ಆಗ ನರಿ ಹೊರಬೀಳುತ್ತದೆ, ನಾಯಿ ಎಲ್ಲಿದೆಯೆಂದು ಮೇಲಿನವರಿಗೂ ತಿಳಿಯುತ್ತದೆ. ಸೊಸೈಟಿಯ ನೆರೆಯವರು ದೂರುವ ಬೊಗಳು ಆ ಮರಿಯ ತಪ್ಪಲ್ಲ, ಮನುಷ್ಯರೇ ತಲೆಮಾರುಗಟ್ಟಲೆ ಆರಿಸಿ ಉಳಿಸಿದ ಗುಣ.

ತೋಳದ ಬೇಟೆಗೆ ಒಂದು ಕ್ರಮವಿದೆ: ದಿಟ್ಟಿಸು, ಹೊಂಚು, ಅಟ್ಟು, ಹಿಡಿ, ಕೊಲ್ಲು. ಕುರಿ ತರುಬುವ ನಾಯಿಗಳಲ್ಲಿ ಅದು ಅಟ್ಟುವಲ್ಲಿಗೆ ನಿಲ್ಲುವಂತೆ ತಳಿಗಾರರು ನೋಡಿಕೊಂಡರು. ಟೆರಿಯರ್‌ನಲ್ಲಿ ಕೊನೆಯವರೆಗೂ ಉಳಿಸಿದರು. ಬಟ್ಟೆಗೊಂಬೆಯನ್ನು ಕಚ್ಚಿ ತಲೆ ಜಾಡಿಸುತ್ತದಲ್ಲ, ಇಲಿಯ ಬೆನ್ನು ಮುರಿಯುವ ಪಟ್ಟು ಅದೇ.

ಮುಂಬಯಿಗೆ ಇದು ಸಣ್ಣ ಮಾತಲ್ಲ. ರಾತ್ರಿ ಇಲಿ ಕೊಲ್ಲುವುದಕ್ಕೆಂದೇ ಪಾಲಿಕೆ ಆಳುಗಳನ್ನಿಟ್ಟ ಊರು ಇದು. ಕಟ್ಟಡದ ಹಿಂದಿನ ಗಟಾರದಲ್ಲಿ ಹೆಗ್ಗಣ ಸುಳಿದರೆ ನಿಮ್ಮ ನಾಯಿಗೆ ನಿಮ್ಮ ಕರೆ ಕೇಳಿಸದು. ಇಲಿಜ್ವರದ ಸೂಕ್ಷ್ಮಾಣು ಇಲಿಯ ಮೂತ್ರದಲ್ಲಿ ಹೊರಬಂದು, ನಿಂತ ನೀರಿನಲ್ಲಿ ಬದುಕಿ, ಗಾಯದಿಂದಲೋ ಬಾಯಿ ಕಣ್ಣುಗಳ ತೆಳುಪೊರೆಯಿಂದಲೋ ಒಳಸೇರುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಈ ಜ್ವರ ಹೇಗೆ ಹಬ್ಬಿತೆಂದು ಇಲ್ಲಿಯವರು ಮರೆತಿಲ್ಲ. ಸೋಂಕು ತಗಲಿದ ನಾಯಿಯ ಮೂತ್ರದಿಂದ ಮನೆಯವರಿಗೂ ಅಪಾಯ. ಆದ್ದರಿಂದ ಪ್ರತಿವರ್ಷದ ಲಸಿಕೆ, ಬೀದಿಯಲ್ಲಿ ಕೈಬಿಡದ ಹಗ್ಗ, ಇವೆರಡರಲ್ಲಿ ರಾಜಿ ಬೇಡ.

ಮನೆಯ ಚದರಡಿಗಿಂತ ಮನೆಯವರ ಹೊತ್ತು ಮುಖ್ಯ ಎಂಬುದು ನನ್ನ ನಿಲುವು. ಬೆಳಗಿನ ಲೋಕಲ್ ಹಿಡಿದು ಹೋದವರು ರಾತ್ರಿಯೇ ಮರಳುವ, ನಡುವೆ ಯಾರೂ ಇಲ್ಲದ ಮನೆಗೆ ಈ ನಾಯಿಯನ್ನು ತರುವುದು ಅದಕ್ಕೆ ಮಾಡುವ ಅನ್ಯಾಯ. ಮನೆಯಲ್ಲಿ ಅಜ್ಜನೋ ಕಾಲೇಜು ಹುಡುಗಿಯೋ ಇದ್ದರೆ ಮಾತು ಬೇರೆ. ಮಳೆಗಾಲದಲ್ಲಿ ಓಟ ತಪ್ಪಿದಾಗ ಹಳೆಯ ಟವೆಲ್ ಸುರುಳಿಯಲ್ಲಿ ತಿಂಡಿ ಅಡಗಿಸಿ ಹುಡುಕಿಸಿ. ಮೂಗಿಗೆ ಕೆಲಸ ಸಿಕ್ಕ ನಾಯಿ ಸೋಫಾ ಅಗೆಯುವುದು ಕಡಿಮೆ.

ಮರಿ ಮಾರುವವರನ್ನು ಅದರ ತಾಯಿ ತಂದೆಯ ಕಣ್ಣಿನ ಬಗ್ಗೆ ಕೇಳಿ. ಕಣ್ಣಿನ ಮಸೂರ ಜಾರುವ ಆನುವಂಶಿಕ ರೋಗ ಟೆರಿಯರ್‌ಗಳಲ್ಲಿದೆ. ಅದಕ್ಕೂ ಮೊದಲು ಜುಲೈ ತಿಂಗಳ ಒಂದು ಭಾನುವಾರ, ಪರಿಚಿತರ ಬೆಳೆದ ಟೆರಿಯರ್ ಜೊತೆ ಇಡೀ ದಿನ ಕಳೆಯಿರಿ. ಮರಿಯ ಮುಖ ನೋಡಿ ಯಾರೂ ನಿರ್ಧರಿಸಬಾರದು.