ಮೊಬೈಲ್ ಪಾಠಕ್ಕೂ ಅಂಕಪಟ್ಟಿಯಲ್ಲಿ ಜಾಗ!

ಊಟ ಮುಗಿಸಿ ಅಕ್ಕ ಮೊಬೈಲ್ ಹಿಡಿದು ಕೂತರೆ, ‘ಬರೀ ವಿಡಿಯೊ ನೋಡ್ತಾಳೆ’ ಎಂದು ಅಮ್ಮನಿಗೆ ದೂರು ಹೇಳುವ ಮುನ್ನ ಒಮ್ಮೆ ಇಣುಕಿ ನೋಡಿ. ಅವಳು ಐಐಟಿ ಪ್ರಾಧ್ಯಾಪಕರ ಪಾಠ ಕೇಳುತ್ತಿರಬಹುದು!

ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣ ಶುರುವಾದದ್ದು 2017ರ ಜುಲೈ 9ರಂದು. ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರ ಪದವಿಯವರೆಗಿನ ಪಾಠಗಳು ಇಲ್ಲಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಕಲಿಸುತ್ತಾರೆ. ಪಾಠ ಕೇಳಲು ದುಡ್ಡು ಕೊಡಬೇಕಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ನಿಗದಿತ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ಇದರಿಂದೇನು ಲಾಭ? ಪದವಿ ಪಡೆಯಲು ಇಂತಿಷ್ಟು ಕ್ರೆಡಿಟ್ ಗಳಿಸಬೇಕಲ್ಲವೇ? ಯುಜಿಸಿಯ 2021ರ ನಿಯಮದಂತೆ, ಒಂದು ಸೆಮಿಸ್ಟರ್‌ನ ಶೇ 40ರವರೆಗಿನ ಕೋರ್ಸ್‌ಗಳನ್ನು ‘ಸ್ವಯಂ’ ಮೂಲಕ ಕಲಿಯಲು ವಿಶ್ವವಿದ್ಯಾಲಯ ಒಪ್ಪಬಹುದು. ತನ್ನ ಕಾಲೇಜಿನಲ್ಲಿ ಕಲಿಸುವವರೇ ಇಲ್ಲದ ವಿಷಯವನ್ನೂ ಹಳ್ಳಿಯ ಹುಡುಗಿ ಹೀಗೆ ಓದಬಹುದು.

ಆದರೆ ಎಚ್ಚರ! ‘ಒಪ್ಪಬಹುದು’ ಎಂದರೆ ಒಪ್ಪಲೇಬೇಕು ಎಂದಲ್ಲ. ಯಾವ ಕೋರ್ಸ್‌ಗೆ ಕ್ರೆಡಿಟ್ ಕೊಡಬೇಕೆಂದು ತೀರ್ಮಾನಿಸುವುದು ವಿಶ್ವವಿದ್ಯಾಲಯವೇ. ಮೊದಲೇ ಕೇಳದೆ ಸೇರಿದರೆ, ಪಾಸಾದರೂ ಅಂಕಪಟ್ಟಿಗೆ ಅದು ಸೇರದೇ ಹೋದೀತು.

ಅಕ್ಕನನ್ನು ಇವತ್ತೇ ಕೇಳಿ: ‘ಕಾಲೇಜಿನಲ್ಲಿ ವಿಚಾರಿಸಿದ್ದೀಯಾ?’