ಗಂಟೆಯ ಕರೆಗೆ ಓಗೊಟ್ಟ ಬಾಳು

ಕಛೇರಿಯಿಂದ ಮನೆಗೆ ಬಂದರೂ ಕಛೇರಿಯನ್ನು ತಲೆಯಿಂದ ಕೆಳಗಿಳಿಸಲಾರದವರು ಹಲವರು. ಪ್ರಾರ್ಥನೆಗೆ ಕುಳಿತರೂ ಒಲೆಯ ಮೇಲಿನ ಹಾಲನ್ನೇ ನೆನೆಯುವವರು ಇನ್ನು ಹಲವರು. ದುಡಿಮೆ, ಭಕ್ತಿ, ಓದು, ನಿದ್ರೆ ಈ ನಾಲ್ಕೂ ಬಾಳಿಗೆ ಬೇಕು. ಆದರೆ ಯಾವುದಕ್ಕೆ ಎಷ್ಟು ಎಂಬ ಅಳತೆ ಮಾತ್ರ ಸುಲಭವಾಗಿ ಕೈಗೆ ಸಿಕ್ಕುವುದಿಲ್ಲ. ಆ ಅಳತೆಯನ್ನು ಕ್ರೈಸ್ತ ಶ್ರದ್ಧೆಯ ಬೆಳಕಿನಲ್ಲಿ ಅರಸಿ, ಒಂದು ಕಿರುಹೊತ್ತಗೆಯಲ್ಲಿ ಬರೆದಿಟ್ಟವರು ಇಟಲಿಯ ಸಂತ ಬೆನೆಡಿಕ್ಟರು. 14 ಶತಮಾನಗಳಿಗೂ ಮಿಗಿಲಾಗಿ ಆ ಹೊತ್ತಗೆ ಸಹಸ್ರಾರು ಮಠಗಳ ದಿನಚರಿಯನ್ನು ನಡೆಸಿಕೊಂಡು ಬಂದಿದೆ.

ಗುಹೆಯಿಂದ ಗಿರಿಗೆ

ಕ್ರಿ.ಶ. 480ರ ಸುಮಾರಿಗೆ ನೊರ್ಚಾ ಎಂಬ ಊರಿನ ಅನುಕೂಲಸ್ಥ ಮನೆತನದಲ್ಲಿ ಜನಿಸಿದ ಬೆನೆಡಿಕ್ಟರು ವಿದ್ಯಾಭ್ಯಾಸಕ್ಕೆಂದು ರೋಮ್ ನಗರಕ್ಕೆ ಹೋದರು. ಅಲ್ಲಿಯ ಸ್ವೇಚ್ಛಾಚಾರವನ್ನು ಕಂಡು ಬೇಸತ್ತು, ಓದನ್ನು ಅರ್ಧಕ್ಕೇ ಬಿಟ್ಟು, ಸುಬಿಯಾಕೊದ ಬೆಟ್ಟದ ಗುಹೆಯೊಂದನ್ನು ಸೇರಿದರು. ಅವರ ಚರಿತ್ರೆಯನ್ನು ಬರೆದ ಪೋಪ್ ಗ್ರೆಗೊರಿಯವರ ಪ್ರಕಾರ, ಮೂರು ವರ್ಷಗಳ ಕಾಲ ಆ ತರುಣ ತಪಸ್ವಿಯ ಇರವು ರೊಮಾನುಸ್ ಎಂಬ ಸನ್ಯಾಸಿಯ ಹೊರತು ಅನ್ಯರಿಗೆ ತಿಳಿದಿರಲಿಲ್ಲ. ಆತ ತನ್ನ ಪಾಲಿನ ರೊಟ್ಟಿಯಲ್ಲಿ ಒಂದಿಷ್ಟನ್ನು ಉಳಿಸಿ, ಹಗ್ಗಕ್ಕೆ ಕಟ್ಟಿ, ಬಂಡೆಯ ಮೇಲಿನಿಂದ ಇಳಿಬಿಡುತ್ತಿದ್ದ. ಹಗ್ಗಕ್ಕೊಂದು ಕಿರುಗಂಟೆ, ಅದು ದನಿಗೈದರೆ ಊಟ ಬಂದಿತೆಂದು ಅರ್ಥ. ಏಕಾಂತದಲ್ಲಿ ದಿನಗಳ ಎಣಿಕೆಯೇ ತಪ್ಪಿ, ಈಸ್ಟರ್ ಹಬ್ಬ ಬಂದುದೂ ಬೆನೆಡಿಕ್ಟರಿಗೆ ತಿಳಿಯದೆ ಹೋಯಿತು. ಪಾದ್ರಿಯೊಬ್ಬರು ಊಟ ತಂದು, ಅಂದು ಉಪವಾಸ ಸಲ್ಲದೆಂದು ತಿಳಿಸಬೇಕಾಯಿತು.

ಮುಂದೆ ಸಮೀಪದ ಮಠವೊಂದರ ಸನ್ಯಾಸಿಗಳು ಅವರನ್ನು ಬೇಡಿ ಕರೆದೊಯ್ದು ಮಠಾಧಿಪತಿಯನ್ನಾಗಿ ಮಾಡಿಕೊಂಡರು. ಆದರೆ ಹೊಸ ಅಧಿಪತಿಯ ಕಟ್ಟುನಿಟ್ಟನ್ನು ಸಹಿಸಲಾರದೆ, ದ್ರಾಕ್ಷಾರಸದಲ್ಲಿ ವಿಷ ಬೆರೆಸಿ ಕೊಟ್ಟರು. ಬೆನೆಡಿಕ್ಟರು ಶಿಲುಬೆಯ ಗುರುತು ಮಾಡಿ ಹರಸಿದೊಡನೆ ಪಾತ್ರೆ ಒಡೆದು ಚೂರಾಯಿತೆಂದು ಗ್ರೆಗೊರಿ ಬರೆದಿದ್ದಾರೆ. ಬೆನೆಡಿಕ್ಟರು ಸಿಟ್ಟಾಗಲಿಲ್ಲ, ದೇವರು ಅವರನ್ನು ಕ್ಷಮಿಸಲೆಂದು ಹಾರೈಸಿ ಹೊರಟುಹೋದರು. 529ರ ಸುಮಾರಿಗೆ ಮಾಂಟೆ ಕಸಿನೊ ಗಿರಿಯ ಮೇಲೆ ಮಠ ಕಟ್ಟಿ ಅವರು ನೆಲಸಿದರು. ಅವರು ರಚಿಸಿದ ನಿಯಮಾವಳಿಯಲ್ಲಿ ಗುಹೆಯ ಉಗ್ರತೆಗಿಂತ ಹದವೇ ಎದ್ದು ಕಾಣುತ್ತದೆ. ಒಮ್ಮೆ ದಿನಗಳ ಎಣಿಕೆಯನ್ನೇ ಮರೆತಿದ್ದವರು ಇತರರ ದಿನಕ್ಕೆ ಅಳತೆ ಕೊಟ್ಟರು.

ಹೊತ್ತಿಗೊಂದು ಕೆಲಸ

ಪೀಠಿಕೆ ಮತ್ತು 73 ಚಿಕ್ಕ ಅಧ್ಯಾಯಗಳ ಈ ನಿಯಮಾವಳಿಯಂತೆ, ಸನ್ಯಾಸಿಗಳು ಹಗಲಿನಲ್ಲಿ ಏಳು ಬಾರಿ, ಇರುಳಿನಲ್ಲಿ ಒಂದು ಬಾರಿ ಪ್ರಾರ್ಥನೆಗೆ ಸೇರಬೇಕು; ಬೈಬಲ್ಲಿನ 150 ಕೀರ್ತನೆಗಳನ್ನೂ ವಾರವೊಂದರಲ್ಲಿ ಹಾಡಿ ಮುಗಿಸಬೇಕು. ಪ್ರಾರ್ಥನೆಗಳ ನಡುವೆ ಕೈದುಡಿಮೆಗೆ ಹೊತ್ತುಂಟು, ಓದಿಗೂ ಹೊತ್ತುಂಟು. ಬೇಸಗೆಯಲ್ಲಿ ಮಧ್ಯಾಹ್ನದ ನಿದ್ರೆಗೆ ಅವಕಾಶವಿದೆ. ಚಳಿಗಾಲದಲ್ಲಿ ಉಂಡ ಅನ್ನ ಅರಗುವಷ್ಟು ಕಾಲ ಮಲಗಲೆಂದು ಏಳುವ ವೇಳೆಯನ್ನು ಗೊತ್ತುಮಾಡಿದ್ದಾರೆ. ಊಟಕ್ಕೆ ಬೇಯಿಸಿದ ಪದಾರ್ಥಗಳು ಎರಡಿರಬೇಕು: ಒಂದು ಒಗ್ಗದವನು ಇನ್ನೊಂದನ್ನು ಉಣ್ಣಲಿ! ರೋಗಿಗಳ, ಮುದುಕರ, ಮಕ್ಕಳ ವಿಷಯದಲ್ಲಿ ನಿಯಮ ಸಡಿಲವಾಗುತ್ತದೆ. ಬಲಶಾಲಿಗೆ ಹುರುಪು ಉಳಿಯಬೇಕು, ದುರ್ಬಲನು ಹೆದರಿ ಓಡಬಾರದು. ಮಠಾಧಿಪತಿಗೆ ಕೊಟ್ಟ ಸೂತ್ರವಿದು. ವಿಷದ ಬಟ್ಟಲನ್ನು ಕಂಡವರ ಅನುಭವ ಈ ಸೂತ್ರದಲ್ಲಿ ಅಡಗಿದೆಯೆಂದು ಯಾರಿಗಾದರೂ ತೋರದಿರದು.

ಎಲ್ಲಕ್ಕೂ ಮುಖ್ಯವಾದುದು ಪ್ರಾರ್ಥನೆಯ ಕರೆ. ಅದು ಕಿವಿಗೆ ಬಿದ್ದೊಡನೆ ಕೈಯಲ್ಲಿದ್ದುದನ್ನು ಇದ್ದಲ್ಲಿಯೇ ಬಿಟ್ಟು ಎಲ್ಲರೂ ಹೊರಡಬೇಕು. ಸಮತೋಲನದ ಗುಟ್ಟು ಇಲ್ಲಿದೆ. ದಿನದ 24 ಗಂಟೆಗಳನ್ನು ತಕ್ಕಡಿಯಲ್ಲಿಟ್ಟು ಸಮನಾಗಿ ಹಂಚಿದ ಮಾತ್ರಕ್ಕೆ ಬಾಳು ಹದಗೊಳ್ಳದು. ಹಿಡಿದುದನ್ನು ಹೊತ್ತಿಗೆ ಸರಿಯಾಗಿ ಕೆಳಗಿಡುವ ಶಕ್ತಿ ಬೇಕು. ಆ ಶಕ್ತಿಯನ್ನು ಬೆನೆಡಿಕ್ಟರಿಗೆ ಕೊಟ್ಟುದು ಅವರ ಶ್ರದ್ಧೆ. ಲೋಕವನ್ನು ನಡೆಸುವವನು ದೇವರು. ತನ್ನ ಕೆಲಸ ಅರ್ಧಕ್ಕೆ ನಿಂತರೆ ಲೋಕವೇನೂ ನಿಲ್ಲದೆಂದು ನಂಬಿದವನು ಮಾತ್ರ ನಿಶ್ಚಿಂತೆಯಿಂದ ಎದ್ದು ಹೋಗಬಲ್ಲ.

ಹಾಗೆಂದು ಕೆಲಸವನ್ನು ಅವರು ಕೀಳೆಂದು ಬಗೆಯಲಿಲ್ಲ. ಅಡುಗೆಮನೆಯ ಸೇವೆ ವಾರಕ್ಕೊಬ್ಬರಂತೆ ಸರದಿಯ ಮೇಲೆ ಬರುತ್ತದೆ. ಉಗ್ರಾಣದ ಹೊಣೆ ಹೊತ್ತವನು ಮಠದ ಪಾತ್ರೆಪದಾರ್ಥಗಳನ್ನೆಲ್ಲ ಬಲಿಪೀಠದ ಪವಿತ್ರ ಪಾತ್ರೆಗಳಂತೆ ಕಾಣಬೇಕು. ಸೌಟು, ಗುದ್ದಲಿಗಳಿಗೂ ಸಂದ ಗೌರವವಿದು. ಸಂಸಾರಸ್ಥರಿಗಾಗಿ ಬರೆದ ಪುಸ್ತಕವಲ್ಲದಿದ್ದರೂ, ಇಡೀ ಮನೆಯ ಕೆಲಸವನ್ನು ಒಬ್ಬಳೇ ಹೊರುವ ಗೃಹಿಣಿಯಿರುವ ಮನೆಗಳಲ್ಲಿ ಈ ಎರಡು ಅಧ್ಯಾಯಗಳನ್ನು ಓದಬೇಕಾದವರು ಆಕೆಯಲ್ಲ, ಉಳಿದವರು.

ಮಳೆಯ ರಾತ್ರಿ

ನಿಯಮ ಬರೆದವರಿಗೇ ನಿಯಮದ ಎಲ್ಲೆಯನ್ನು ತೋರಿಸಿದವಳು ಅವರ ಸೋದರಿ ಸ್ಕೊಲಾಸ್ಟಿಕಾ. ಆಕೆಯೂ ಸನ್ಯಾಸಿನಿ. ವರ್ಷಕ್ಕೊಮ್ಮೆ ಮಠದ ಹತ್ತಿರದ ಮನೆಯೊಂದರಲ್ಲಿ ಇಬ್ಬರೂ ಸಂಧಿಸಿ ದೈವಚಿಂತನೆಯಲ್ಲಿ ದಿನ ಕಳೆಯುತ್ತಿದ್ದರು. ಒಂದು ವರ್ಷ ಸಂಜೆಯಾದಾಗ, ಆ ರಾತ್ರಿ ಅಲ್ಲಿಯೇ ಉಳಿಯುವಂತೆ ಆಕೆ ಬೇಡಿಕೊಂಡಳು. ಮಠದ ಹೊರಗೆ ರಾತ್ರಿ ಕಳೆಯುವುದು ತಮಗೆ ಸಲ್ಲದೆಂದು ಅಣ್ಣ ನಿರಾಕರಿಸಿದರು. ಆಕೆ ಕೈಜೋಡಿಸಿ ಮೇಜಿನ ಮೇಲೆ ತಲೆಯಿಟ್ಟು ಪ್ರಾರ್ಥಿಸಿದಳು. ನಿರ್ಮಲವಾಗಿದ್ದ ಆಕಾಶದಲ್ಲಿ ಗುಡುಗು ಮೊಳಗಿ, ಹೊಸ್ತಿಲು ದಾಟಲಾಗದಂತೆ ಮಳೆ ಸುರಿಯಿತು. ಇಬ್ಬರೂ ಬೆಳಗಿನವರೆಗೆ ಮಾತನಾಡುತ್ತ ಕುಳಿತರು. ಮೂರು ದಿನಗಳ ಬಳಿಕ ಸ್ಕೊಲಾಸ್ಟಿಕಾ ತೀರಿಕೊಂಡಳು.

ಆ ರಾತ್ರಿ ಗೆದ್ದುದು ಸೋದರಿಯ ಹೆಚ್ಚಿನ ಪ್ರೀತಿಯೆಂದು ಗ್ರೆಗೊರಿಯವರ ನಿರ್ಣಯ. ಬೆನೆಡಿಕ್ಟರು ಆಕೆಯ ದೇಹವನ್ನು ತಮಗಾಗಿ ಸಿದ್ಧಪಡಿಸಿಕೊಂಡಿದ್ದ ಸಮಾಧಿಯಲ್ಲಿರಿಸಿದರು. 547ರ ಸುಮಾರಿಗೆ ತಾವೂ ಅಲ್ಲಿಯೇ ಮಲಗಿದರು.

ಅವರ ಮಠ ಹಲವು ಬಾರಿ ನಾಶವಾಗಿ ಮತ್ತೆ ಎದ್ದಿತು. ಎರಡನೆಯ ಮಹಾಯುದ್ಧದಲ್ಲಿ, 1944ರ ಫೆಬ್ರವರಿ 15ರಂದು ಬಾಂಬುಗಳಿಗೆ ತುತ್ತಾದ ಕಟ್ಟಡವನ್ನು ಪುನಃ ಕಟ್ಟಿ, 1964ರಲ್ಲಿ ಪೋಪ್ ಆರನೆಯ ಪೌಲರು ಪ್ರತಿಷ್ಠೆ ಮಾಡಿದರು. ಅದೇ ಪರಂಪರೆಯ ಆಶೀರ್ವನಂ ಮಠ ಬೆಂಗಳೂರು–ಮೈಸೂರು ರಸ್ತೆಯ ಕುಂಬಳಗೋಡಿನ ಬಳಿಯಿದೆ.

ಮಠದ ಗಂಟೆ ಎಲ್ಲರ ಮನೆಗೂ ಕೇಳಿಸುವುದಿಲ್ಲ. ಆದರೆ ಇನ್ನೊಂದು ಗಳಿಗೆ ಕುಳಿತಿರೆಂದು ಬೇಡುವ ಒಂದು ದನಿ ಪ್ರತಿ ಮನೆಯಲ್ಲಿಯೂ ಉಂಟು. ಅದಕ್ಕೆ ಓಗೊಡಲು ಮಳೆ ಬರುವವರೆಗೆ ಕಾಯಬೇಕಾಗಿಲ್ಲ.