ಕರಡಿಯ ಕಾಡಿನಲ್ಲಿ ಕೋವಿಯ ಧೈರ್ಯ

ಬೇಟೆಯ ಕಸುಬು ಕಲಿಸುವ ಪಾಠಗಳೆಲ್ಲ ಕರಡಿ ಇರುವ ಕಾಡಿನಲ್ಲಿ ಬೇಟೆಗಾರನಿಗೇ ತಿರುಗುಬಾಣವಾಗುತ್ತವೆ. ಸದ್ದು ಮಾಡದೆ ನಡೆಯುವುದು, ಗಾಳಿಗೆ ಎದುರಾಗಿ ಸಾಗುವುದು, ನಸುಕಿನಲ್ಲೋ ಮುಸ್ಸಂಜೆಯಲ್ಲೋ ಪೊದೆಯ ಮರೆಯಲ್ಲಿ ಹೊಂಚಿ ಕೂರುವುದು, ಇವೆಲ್ಲ ಮಿಕಕ್ಕೆ ಸುಳಿವು ಸಿಗದಿರಲೆಂದು ಮಾಡುವ ಕೆಲಸ. ಜಿಂಕೆಗೆ ಸಿಗದ ಸುಳಿವು ಕರಡಿಗೂ ಸಿಗುವುದಿಲ್ಲ. ಮನುಷ್ಯ ಬರುತ್ತಿದ್ದಾನೆಂದು ಮೊದಲೇ ಗೊತ್ತಾದರೆ ಬಹುಪಾಲು ಕರಡಿಗಳು ದಾರಿ ಬಿಟ್ಟು ಸರಿದುಹೋಗುತ್ತವೆ. ಹತ್ತು ಮಾರು ದೂರದಲ್ಲಿ ಥಟ್ಟನೆ ಎದುರಾದರೆ, ಅದರಲ್ಲೂ ಜೊತೆಗೆ ಮರಿಗಳಿದ್ದರೆ, ಮೇಲೆರಗುತ್ತವೆ. ಅಂಥ ಹೊತ್ತಿನಲ್ಲಿ ಕೈಲಿರುವ ಕೋವಿ ಎಷ್ಟು ಕೆಲಸಕ್ಕೆ ಬರುತ್ತದೆಂಬುದಕ್ಕೆ ಇನ್ನೂರು ವರ್ಷಗಳ ದಾಖಲೆಯಿದೆ.

1805ರಲ್ಲಿ ಮೆರಿವೆದರ್ ಲೂಯಿಸ್ ಮತ್ತು ವಿಲಿಯಂ ಕ್ಲಾರ್ಕ್ ಅವರ ಅನ್ವೇಷಣಾ ತಂಡ ಮಿಸೌರಿ ನದಿಯಗುಂಟ ಅಮೆರಿಕದ ಪಶ್ಚಿಮಕ್ಕೆ ಸಾಗುತ್ತಿತ್ತು. ಗ್ರಿಜ್ಲಿ ಕರಡಿಯ ವಿಷಯದಲ್ಲಿ ಜೋಕೆ ಎಂದು ಅಲ್ಲಿನ ಮೂಲನಿವಾಸಿಗಳು ಮೊದಲೇ ಎಚ್ಚರಿಸಿದ್ದರು. ಏಪ್ರಿಲ್ 29ರಂದು ಇನ್ನೂ ಪೂರ್ತಿ ಬೆಳೆಯದ ಒಂದು ಗಂಡು ಕರಡಿಯನ್ನು ಹೊಡೆದ ಲೂಯಿಸ್, ಬಿಲ್ಲುಬಾಣದವರಿಗೆ ಇದು ಭಯಂಕರವಿರಬಹುದು, ಪಳಗಿದ ಕೋವಿಗಾರರಿಗೆ ಅಷ್ಟೇನೂ ಅಲ್ಲ ಎಂಬರ್ಥದಲ್ಲಿ ದಿನಚರಿ ಬರೆದ. ಆ ಕರಡಿಯೂ ಗಾಯಗೊಂಡ ಮೇಲೆ ಅವನನ್ನೇ ಎಪ್ಪತ್ತೆಂಬತ್ತು ಗಜ ಅಟ್ಟಿಸಿಕೊಂಡು ಬಂದಿತ್ತು ಎಂಬುದು ಬೇರೆ ಮಾತು.

ಹದಿನೈದು ದಿನ ಕಳೆಯುವುದರಲ್ಲಿ ಆ ಧೈರ್ಯ ಇಳಿಯಿತು. ಮೇ 14ರಂದು ತಂಡದ ಆರು ಮಂದಿ ನುರಿತ ಬೇಟೆಗಾರರು ಬಯಲಲ್ಲಿ ಮಲಗಿದ್ದ ಕರಡಿಯೊಂದನ್ನು ಕಂಡು, ಕಳ್ಳಹೆಜ್ಜೆಯಲ್ಲಿ ಸುಮಾರು ನಲವತ್ತು ಹೆಜ್ಜೆ ಹತ್ತಿರಕ್ಕೆ ಹೋದರು. ಲೆಕ್ಕಾಚಾರ ಸರಿಯಾಗಿಯೇ ಇತ್ತು: ನಾಲ್ವರು ಒಟ್ಟಿಗೆ ಈಡು ಹಾರಿಸುವುದು, ಇಬ್ಬರು ಗುಂಡು ಉಳಿಸಿಕೊಂಡು ನಿಲ್ಲುವುದು. ನಾಲ್ಕೂ ಗುಂಡು ತಗುಲಿದವು. ಕರಡಿ ಬಾಯ್ದೆರೆದು ಮೈಮೇಲೆ ಬಂತು. ಉಳಿಸಿಕೊಂಡಿದ್ದ ಎರಡು ಗುಂಡುಗಳೂ ಅದನ್ನು ತಡೆಯಲಿಲ್ಲ. ಇಬ್ಬರು ದೋಣಿಗೆ ಓಡಿದರು, ಉಳಿದವರು ಪೊದೆಗಳಲ್ಲಿ ಅವಿತು ಮತ್ತೆ ಮದ್ದುಗುಂಡು ತುಂಬಿ ಹೊಡೆದರು; ಹೊಡೆದಾಗಲೆಲ್ಲ ಸದ್ದು ಬಂದ ಕಡೆಗೇ ಕರಡಿ ತಿರುಗಿತು. ಕೊನೆಗೆ ಇಬ್ಬರು ಕೋವಿ ಬಿಸಾಡಿ, ಇಪ್ಪತ್ತು ಅಡಿ ಎತ್ತರದ ದಡದಿಂದ ನದಿಗೆ ಹಾರಿದರು. ಕರಡಿಯೂ ಹಿಂದೆಯೇ ಹಾರಿತು. ದಡದಲ್ಲಿದ್ದವನೊಬ್ಬ ತಲೆಗೆ ಹೊಡೆದ ಮೇಲೆಯೇ ಅದು ಸತ್ತದ್ದು. ಎಳೆದು ನೋಡಿದಾಗ ಎಂಟು ಗುಂಡುಗಳು ಅದರ ಮೈ ಹೊಕ್ಕಿದ್ದವು.

ಇದಕ್ಕೆ ಕಾರಣ ಹಳೆಯ ಕೋವಿಯ ಕೊರತೆಯೊಂದೇ ಅಲ್ಲ. ಒಂದು ಈಡಿಗೆ ಒಂದೇ ಗುಂಡಿನ ಆ ಕೋವಿಗಳಿಗೆ ಮತ್ತೆ ಮದ್ದು ಜಡಿಯಲು ಅರ್ಧ ನಿಮಿಷ ಹಿಡಿಯುತ್ತಿತ್ತು, ನಿಜ. ಆದರೆ ಗ್ರಿಜ್ಲಿ ಗಂಟೆಗೆ ಸುಮಾರು 50 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಮೂವತ್ತು ಮೀಟರ್ ದಾಟಲು ಅದಕ್ಕೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಎದೆಗೆ ಗುಂಡು ತಗುಲಿದ ಪ್ರಾಣಿಯೂ ಸಾಯುವ ಮುಂಚೆ ಕೆಲವು ಸೆಕೆಂಡು ಬದುಕಿರುತ್ತದೆ. ಕೋವಿ ಕರಡಿಯನ್ನು ಕೊಲ್ಲಬಲ್ಲದು. ಸಮಯಕ್ಕೆ ಸರಿಯಾಗಿ ನಿಲ್ಲಿಸುವುದೇ ಕಷ್ಟ.

ಬೇಟೆಗಾರ–ಕರಡಿ ಮುಖಾಮುಖಿಗಳಲ್ಲಿ ಹೆಚ್ಚು ಹೆಸರಾದದ್ದು ಹ್ಯೂ ಗ್ಲಾಸ್‌ನ ಪ್ರಸಂಗ. 1823ರಲ್ಲಿ, ಇಂದಿನ ದಕ್ಷಿಣ ಡಕೋಟದಲ್ಲಿ, ಮರಿಗಳೊಂದಿಗಿದ್ದ ತಾಯಿ ಗ್ರಿಜ್ಲಿಯ ಎದುರು ಬಿದ್ದ ಅವನನ್ನು ಜೊತೆಗಾರರು ಉಳಿಯುವುದಿಲ್ಲವೆಂದು ಬಿಟ್ಟುಹೋದರು. ಅವನು ತೆವಳುತ್ತ, ಕುಂಟುತ್ತ ಸುಮಾರು 300 ಕಿಲೋಮೀಟರ್ ಸಾಗಿ ಕೋಟೆ ಸೇರಿದನೆಂಬ ಕಥೆಯೇ 2015ರ ‘ದಿ ರೆವೆನೆಂಟ್’ ಸಿನಿಮಾಕ್ಕೆ ಮೂಲ. ಗ್ಲಾಸ್ ಇದನ್ನು ಬರೆದಿಟ್ಟವನಲ್ಲ. ಕೇಳಿದವರು ಬರೆದದ್ದರಿಂದ ಕಥೆ ಒಂದಿಷ್ಟು ಬೆಳೆದಿದೆ.

ಈಗಿನ ಅಮೆರಿಕದಲ್ಲಿ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಆಸುಪಾಸು, ವಯೋಮಿಂಗ್ ಮತ್ತು ಮೊಂಟಾನದ ಕಾಡುಗಳಲ್ಲಿ ಇಂಥ ಘಟನೆಗಳು ಮರುಕಳಿಸುತ್ತವೆ. ಅಲ್ಲಿನವರು ಹೋಗುವುದು ಕರಡಿಯ ಬೇಟೆಗಲ್ಲ, ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ. ಎಲ್ಕ್ ಬೇಟೆಯ ಕಾಲವೂ ಚಳಿಗಾಲದ ದೀರ್ಘನಿದ್ರೆಗೆ ಮುನ್ನ ಕರಡಿ ಮೈಯಲ್ಲಿ ಕೊಬ್ಬು ತುಂಬಿಕೊಳ್ಳುವ ಕಾಲವೂ ಒಂದೇ. ಬೇಟೆಗಾರ ಹೆಣ್ಣು ಎಲ್ಕ್‌ನ ಕೂಗನ್ನು ಅನುಕರಿಸಿ ಗಂಡನ್ನು ಕರೆಯುತ್ತಾನೆ. ಬರುವುದು ಗಂಡು ಎಲ್ಕೇ ಆಗಬೇಕೆಂದಿಲ್ಲ. ಮಿಕ ಬಿದ್ದ ಮೇಲೆ ಅಪಾಯ ಇನ್ನೂ ಹೆಚ್ಚು. ಅಲ್ಲೇ ಹೊಟ್ಟೆ ಸೀಳಿ ಕರುಳು ತೆಗೆಯುವವನ ಕೈ ರಕ್ತದಲ್ಲಿ, ಕಣ್ಣು ನೆಲದ ಮೇಲೆ, ಕೋವಿ ಮರಕ್ಕೆ ಒರಗಿರುತ್ತದೆ. ವಾಸನೆ ಮೈಲಿಗಟ್ಟಲೆ ಹೋಗುತ್ತದೆ. ಮಾಂಸದ ಅರ್ಧ ಪಾಲನ್ನು ಬಿಟ್ಟು ಮರುದಿನ ಒಯ್ಯಲು ಬರುವವನಿಗೆ, ರಾತ್ರಿಯೇ ಅದನ್ನು ತನ್ನದಾಗಿಸಿಕೊಂಡ ಕರಡಿ ಎದುರಾಗುವುದೂ ಉಂಟು.

ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕದಲ್ಲಿ ಕರಡಿ ಎದುರಾದ ಘಟನೆಗಳನ್ನು ಕಲೆಹಾಕಿ ಎರಡು ಅಧ್ಯಯನ ಮಾಡಿದರು. 2008ರ ಮೊದಲನೆಯದರಲ್ಲಿ, ಮೆಣಸಿನ ಖಾರದಿಂದ ಮಾಡಿದ ಸ್ಪ್ರೇ ಗ್ರಿಜ್ಲಿಯ ಜಾತಿಯವೇ ಆದ ಕಂದು ಕರಡಿಗಳ ವಿರುದ್ಧ ಶೇಕಡ 92 ಸಂದರ್ಭಗಳಲ್ಲಿ ಫಲಿಸಿತ್ತು. 2012ರ ಎರಡನೆಯದು, ಬಂದೂಕು ಜೊತೆಗಿದ್ದ 269 ಘಟನೆಗಳನ್ನು ನೋಡಿತು. ಬಂದೂಕು ಬಳಸಿದವರಿಗೂ ಬಳಸದವರಿಗೂ ಗಾಯಗೊಳ್ಳುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬೇಟೆಗಾರರ ಹೆಮ್ಮೆಗೆ ಇದು ಒಗ್ಗದ ಫಲಿತಾಂಶ, ಆದರೆ ಲೂಯಿಸ್‌ನ ದಿನಚರಿ ಓದಿದವರಿಗೆ ಆಶ್ಚರ್ಯವಾಗದು.

ಕರ್ನಾಟಕದ ಕರಡಿ ಗ್ರಿಜ್ಲಿಗಿಂತ ಬಹಳ ಚಿಕ್ಕದು. ಗೆದ್ದಲು, ಜೇನು, ಹಣ್ಣು ಇದರ ಆಹಾರ. ಹಾಗಿದ್ದೂ ಮುಂಗೋಪಕ್ಕೆ ಹೆಸರುವಾಸಿ. ಕಣ್ಣು, ಕಿವಿ ಎರಡೂ ಮಂದ. ಗೆದ್ದಲ ಹುತ್ತ ಬಗೆಯುತ್ತ ಮೈಮರೆತಾಗ ಮನುಷ್ಯ ಹತ್ತಿರ ಬಂದದ್ದು ತಿಳಿಯುವುದಿಲ್ಲ. ಹುಲಿಯಿರುವ ಕಾಡಿನಲ್ಲಿ ಬಾಳಿದ ಈ ಪ್ರಾಣಿಗೆ ಓಡುವುದಕ್ಕಿಂತ ಎದುರಿಸುವುದೇ ರೂಢಿ. ಹಿಂಗಾಲ ಮೇಲೆ ನಿಂತು ಮುಖಕ್ಕೇ ಉಗುರು ಹಾಕುತ್ತದೆ.

ಕೆನೆತ್ ಆಂಡರ್ಸನ್ ಬರೆದ, ಅರಸೀಕೆರೆ ಸೀಮೆಯ ಕರಡಿಯ ಕಥೆ ಇದಕ್ಕೆ ಅತಿರೇಕದ ಉದಾಹರಣೆ. ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡಿಗರಿಗೆ ಚಿರಪರಿಚಿತನಾದ ಬೇಟೆಗಾರ ಅವನು. ಅವನ ಪ್ರಕಾರ ಆ ಕರಡಿ ಹನ್ನೆರಡು ಜನರನ್ನು ಕೊಂದು, ಅದರ ಎರಡರಷ್ಟು ಜನರ ಮುಖ ಹರಿದಿತ್ತು. ದರ್ಗಾ ಒಂದರ ಬಳಿಯ ಮರದ ಹಣ್ಣಿಗೆ ಬರುತ್ತಿದ್ದ ಅದು, ದರ್ಗಾ ನೋಡಿಕೊಳ್ಳುತ್ತಿದ್ದವನ ಮಗನನ್ನೂ ಬಲಿ ತೆಗೆದುಕೊಂಡಿತು. ಹಲವು ಸಲ ಬರಿಗೈಲಿ ಮರಳಿದ ಆಂಡರ್ಸನ್‌ಗೆ, ಕರಡಿ ಚಿಕ್ಕಮಗಳೂರಿನ ಕಡೆ ಸಖರಾಯಪಟ್ಟಣದ ಸುತ್ತ ಕಾಣಿಸಿಕೊಂಡ ಮೇಲಷ್ಟೇ ಅದನ್ನು ಹೊಡೆಯಲು ಸಾಧ್ಯವಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಇಲ್ಲಿ ಕರಡಿಯ ಬೇಟೆ ಅಪರಾಧ. 1994ರಲ್ಲಿ ದರೋಜಿಯಲ್ಲಿ ಕರಡಿಧಾಮವೂ ಆಯಿತು. ಈಗ ಕರಡಿಯ ಎದುರು ಬೀಳುವವರು ಹೆಚ್ಚಾಗಿ ಹೊಲಕ್ಕೆ, ಸೌದೆಗೆ ಹೋಗುವ ಜನ. ಅವರು ನಾಲ್ಕು ಜನ ಕೂಡಿ, ಗಟ್ಟಿಯಾಗಿ ಮಾತಾಡುತ್ತ ನಡೆದರೆ ಕರಡಿಗೆ ಸರಿದುಹೋಗಲು ಅವಕಾಶ ಸಿಗುತ್ತದೆ. ಕಾಡುಹಂದಿಗೆಂದು ಕದ್ದು ಒಡ್ಡಿದ ಉರುಲಿನಲ್ಲಿ ಸಿಕ್ಕಿ ನರಳುವ ಕರಡಿಯ ಹತ್ತಿರ ಮಾತ್ರ ಯಾರೂ ಸುಳಿಯಬಾರದು. ಅರಣ್ಯ ಇಲಾಖೆಗೆ ತಿಳಿಸಿ, ಜನರನ್ನು ದೂರ ಸರಿಸಬೇಕು.